ಬೆಳೆಯುವ ಮೈಯೊಳಗೆ ಬೆಳೆಯದ ಲೋಹ

2024ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಮಿನಿಮಾ’ ಎಂಬ ಸ್ಟೆಂಟಿಗೆ ಅನುಮತಿ ಕೊಟ್ಟಿತು. ನವಜಾತ ಶಿಶುಗಳ ಮತ್ತು ಚಿಕ್ಕ ಮಕ್ಕಳ ಕಿರಿದಾದ ಧಮನಿಗಳಿಗೆಂದೇ ರೂಪಿಸಿ, ಅವರಲ್ಲೇ ಪರೀಕ್ಷಿಸಿ ಒಪ್ಪಿಗೆ ಪಡೆದ ಮೊದಲ ಸ್ಟೆಂಟ್ ಅದು. ಎದೆ ಸೀಳದೆ, ಒಂದು ಸೂಜಿಯ ತೂತಿನ ಮೂಲಕ ಒಳಹೊಕ್ಕು ಧಮನಿಯನ್ನು ಒಳಗಿನಿಂದಲೇ ಹಿಗ್ಗಿಸಬಹುದೆಂದು ಚಾರ್ಲ್ಸ್ ಡಾಟರ್ ತೋರಿಸಿದ್ದು 1964ರಲ್ಲಿ. ನಡುವೆ ಕಳೆದದ್ದು 60 ವರ್ಷ. ಈ ಅವಧಿಯಲ್ಲಿ ದೊಡ್ಡವರ ಹೃದಯದ ಸ್ಟೆಂಟು ಎಷ್ಟು ಸಾಮಾನ್ಯವಾಯಿತೆಂದರೆ, ಜಿಲ್ಲಾ ಕೇಂದ್ರಗಳಲ್ಲಿ ಕೂಡ ‘ಅವರಿಗೆ ಎರಡು ಸ್ಟೆಂಟ್ ಹಾಕಿದ್ದಾರೆ’ ಎನ್ನುವುದು ಮದುವೆಮನೆಯ ಮಾತಾಗಿಬಿಟ್ಟಿದೆ. ಹಾಗಾದರೆ ಮಕ್ಕಳ ಪಾಲಿಗೆ ಇಷ್ಟು ತಡವೇಕೆ? ಮಕ್ಕಳ ರಕ್ತನಾಳ ತೀರ ಸಣ್ಣದು, ಅದಕ್ಕೆ ಹೊಂದುವ ಉಪಕರಣ ಮಾಡುವುದು ಕಷ್ಟ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಸಣ್ಣದಾಗಿ ಮಾಡುವ ಕೈಚಳಕ ತಂತ್ರಜ್ಞರಿಗೆ ಬಹಳ ಹಿಂದೆಯೇ ದಕ್ಕಿತ್ತು. ದಕ್ಕದೆ ಉಳಿದದ್ದು ಬೆಳವಣಿಗೆ. ಇಂದು ಆರೇಳು ಮಿಲಿಮೀಟರ್ ಇರುವ ಶಿಶುವಿನ ಮಹಾಧಮನಿ ಹದಿನೆಂಟು ವರ್ಷಗಳಲ್ಲಿ 20 ಮಿಲಿಮೀಟರಿನ ಆಸುಪಾಸಿಗೆ ಬರಬೇಕು. ಅದನ್ನು ಲೆಕ್ಕಕ್ಕೆ ಹಿಡಿಯದ ಯಾವ ಚಿಕಿತ್ಸೆಯೂ, ಗಾಯ ಎಷ್ಟೇ ಚಿಕ್ಕದಿರಲಿ, ಪೂರ್ತಿ ಚಿಕಿತ್ಸೆಯಲ್ಲ. ಮಕ್ಕಳ ಧಮನಿ ಚಿಕಿತ್ಸೆಯ ಇತಿಹಾಸವನ್ನು ಗಾಯ ಕಿರಿದಾಗುತ್ತ ಬಂದ ಕಥೆಯಾಗಿ ಹೇಳುವುದು ವಾಡಿಕೆ. ಅದನ್ನು ಬೆಳವಣಿಗೆಯೊಂದಿಗೆ ನಡೆದ ಸೆಣಸಾಟವಾಗಿ ಓದಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ವಾದ.

ಈ ಕಥೆಯ ಕೇಂದ್ರದಲ್ಲಿರುವ ರೋಗ ಮಹಾಧಮನಿಯ ಕೊಆರ್ಕ್ಟೇಶನ್. ಹೃದಯದಿಂದ ಹೊರಟ ಮಹಾಧಮನಿ ಕಮಾನಿನಂತೆ ಬಾಗಿ ಕೆಳಗಿಳಿಯುವ ಜಾಗದಲ್ಲಿ, ತಲೆಗೂ ಕೈಗಳಿಗೂ ಕವಲುಗಳನ್ನು ಕೊಟ್ಟ ನಂತರ, ಹುಟ್ಟಿನಿಂದಲೇ ಸೊಂಟ ಕಟ್ಟಿದಂತೆ ಕಿರಿದಾಗಿರುತ್ತದೆ. ಮೇಲಿನ ಅರ್ಧ ಮೈಯಲ್ಲಿ ರಕ್ತದೊತ್ತಡ ಏರುತ್ತದೆ, ಕೆಳಗಿನ ಅರ್ಧಕ್ಕೆ ರಕ್ತ ಸಾಲದು. ಕೈನಾಡಿ ಜೋರಾಗಿ ಬಡಿಯುತ್ತಿದ್ದರೂ ತೊಡೆಸಂದಿನ ನಾಡಿ ಬೆರಳಿಗೆ ಸಿಗುವುದೇ ಇಲ್ಲ. ಕೆನಡಾದ ಮಾಡ್ ಅಬಟ್ 1928ರಲ್ಲಿ ಮರಣೋತ್ತರ ಪರೀಕ್ಷೆಯ 200 ದಾಖಲೆಗಳನ್ನು ಕಲೆಹಾಕಿ ಈ ರೋಗದ ಮೊದಲ ದೊಡ್ಡ ಚಿತ್ರ ಕೊಟ್ಟರು. ಚಿಕಿತ್ಸೆ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಮಾರಿಸ್ ಕ್ಯಾಂಬೆಲ್ 1970ರಲ್ಲಿ ಲೆಕ್ಕ ಹಾಕಿದರು: ಶೈಶವವನ್ನು ದಾಟಿದವರ ಸಾವಿನ ಸರಾಸರಿ ವಯಸ್ಸು 34, 46 ತುಂಬುವುದರೊಳಗೆ ನಾಲ್ವರಲ್ಲಿ ಮೂವರು ಇರುವುದಿಲ್ಲ. ಹೃದಯ ಸೋಲುವುದು, ಮಹಾಧಮನಿ ಒಡೆಯುವುದು, ಮೆದುಳಿನ ರಕ್ತಸ್ರಾವ, ಹೃದಯದೊಳಗೆ ನಂಜು ಇವು ಸಾವಿನ ದಾರಿಗಳು. ಕಿರಿದಾಗುವ ಇನ್ನೊಂದು ಜಾಗ ಶ್ವಾಸಕೋಶದ ಧಮನಿಗಳು. ಅವು ಹುಟ್ಟಿನಿಂದಲೇ ಸಪೂರವಾಗಿರಬಹುದು, ಇಲ್ಲವೇ ಮತ್ತೊಂದು ಜನ್ಮಜಾತ ಹೃದ್ರೋಗಕ್ಕೆ ಮಾಡಿದ ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗ ಕುಗ್ಗಬಹುದು.

ಮೊದಲು ಈ ಕಿರಿದಾದ ಭಾಗಕ್ಕೆ ಕೈಹಾಕಿದವರು ಶಸ್ತ್ರವೈದ್ಯರು. 1944ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮ್‌ನ ಕ್ಲಾರೆನ್ಸ್ ಕ್ರಾಫೋರ್ಡ್ ಹನ್ನೆರಡು ವರ್ಷದ ಹುಡುಗನ ಎದೆ ತೆರೆದು, ಕಿರಿದಾದ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಜೋಡಿಸಿ ಹೊಲಿದರು. ಮರುವರ್ಷ ಬಾಸ್ಟನ್ನಿನ ರಾಬರ್ಟ್ ಗ್ರಾಸ್, ಕ್ರಾಫೋರ್ಡರ ಕೆಲಸದ ಹಂಗಿಲ್ಲದೆ, ನಾಯಿಗಳ ಮೇಲೆ ಪ್ರಯೋಗ ನಡೆಸಿ ಅದೇ ದಾರಿಗೆ ಬಂದರು. ದೊಡ್ಡ ಮಕ್ಕಳಲ್ಲಿ ಫಲ ಚೆನ್ನಾಗಿತ್ತು. 1950ರ ದಶಕದಲ್ಲಿ ಹಸುಗೂಸುಗಳಿಗೂ ಇದೇ ಶಸ್ತ್ರಚಿಕಿತ್ಸೆ ಮಾಡತೊಡಗಿದಾಗ ತೊಡಕು ಗೋಚರಿಸಿತು. ಹೊಲಿಗೆಯ ಸುತ್ತ ಕಟ್ಟಿದ ಗಾಯದ ಅಂಗಾಂಶ ಬೆಳೆಯುವುದಿಲ್ಲ, ಧಮನಿ ಬೆಳೆಯುತ್ತದೆ. ಕೆಲವು ವರ್ಷಗಳಲ್ಲಿ ಅದೇ ಜಾಗ ಮತ್ತೆ ಕಿರಿದಾಗುತ್ತದೆ. ಆಮೇಲಿನ ಮೂರು ದಶಕಗಳ ಶಸ್ತ್ರಚಿಕಿತ್ಸೆಯ ಬಹುತೇಕ ಸುಧಾರಣೆಗಳು ಈ ಒಂದು ತೊಡಕಿಗೆ ಹುಡುಕಿದ ಪರಿಹಾರಗಳೇ. ಧಮನಿಯನ್ನು ಉದ್ದಕ್ಕೆ ಸೀಳಿ ಕೃತಕ ಬಟ್ಟೆಯ ತೇಪೆ ಹಾಕಿದರು. 1966ರಲ್ಲಿ ಜಾನ್ ವಾಲ್ಡ್‌ಹಾಸನ್ ಮತ್ತು ಡೇವಿಡ್ ನಾರ್ವಾಲ್ಡ್ ಎಡಗೈಗೆ ಹೋಗುವ ಧಮನಿಯನ್ನೇ ಮಡಚಿ ತೇಪೆ ಮಾಡಿದರು, ಮಗುವಿನ ಸ್ವಂತ ಅಂಗಾಂಶವಾದರೆ ಬೆಳೆದೀತು ಎಂದು. ಬೆಳವಣಿಗೆಯ ಪ್ರಶ್ನೆ ರಕ್ತನಾಳದೊಳಗೆ ತೂರಿಸುವ ಕೊಳವೆ, ಅಂದರೆ ಕ್ಯಾಥೆಟರ್, ಬಂದ ಮೇಲೆ ಹುಟ್ಟಿದ್ದಲ್ಲ. ಶಸ್ತ್ರವೈದ್ಯರಿಂದ ಅದು ಕ್ಯಾಥೆಟರ್ ವೈದ್ಯರಿಗೆ ಬಳುವಳಿಯಾಗಿ ಬಂದದ್ದು.

ಇನ್ನು ಕ್ಯಾಥೆಟರ್. ಜರ್ಮನಿಯ ವರ್ನರ್ ಫೋರ್ಸ್‌ಮಾನ್ 1929ರಲ್ಲಿ ತನ್ನದೇ ತೋಳಿನ ರಕ್ತನಾಳದಿಂದ ಹೃದಯದವರೆಗೆ ಒಂದು ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇ ತೆಗೆಸಿ, ಹಿರಿಯರ ಕೆಂಗಣ್ಣಿಗೆ ಗುರಿಯಾದ ಕಥೆ ಎಲ್ಲರೂ ಬಲ್ಲದ್ದು. 1956ರ ನೊಬೆಲ್ ಬಂದಾಗ ಆತ ಒಂದು ಊರಿನ ಮೂತ್ರರೋಗ ತಜ್ಞ. ಹೃದಯದೊಳಗೆ ನೋಡಲು ಬಳಸುತ್ತಿದ್ದ ಈ ಕೊಳವೆಯಿಂದಲೇ ದುರಸ್ತಿಯನ್ನೂ ಮಾಡಬಹುದೆಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಡಾಟರ್ 1964ರ ಜನವರಿ 16ರಂದು ತೋರಿಸಿದರು. ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮುದುಕಿಯ ತೊಡೆಯ ಧಮನಿಗೆ, ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನು ತೂರಿಸಿ ದಾರಿ ಬಿಡಿಸಿದರು, ಕಾಲು ಉಳಿಯಿತು. ಅಮೆರಿಕದ ಶಸ್ತ್ರವೈದ್ಯರು ಮೂಗು ಮುರಿದರು, ಯುರೋಪಿನವರು ಕಲಿತರು. ಕಲಿತವರಲ್ಲಿ ಒಬ್ಬರಾದ ಆಂಡ್ರಿಯಾಸ್ ಗ್ರುನ್ಸಿಗ್ ಜ್ಯೂರಿಕ್ಕಿನ ತಮ್ಮ ಮನೆಯ ಅಡುಗೆಮನೆಯ ಮೇಜಿನ ಮೇಲೆ ಪಿವಿಸಿ ಬಲೂನುಗಳನ್ನು ಮಾಡಿ ನೋಡಿ, 1977ರ ಸೆಪ್ಟೆಂಬರ್ 16ರಂದು ಹೃದಯದ ಧಮನಿಯೊಳಗೆ ಬಲೂನ್ ಉಬ್ಬಿಸಿದರು. ಇಷ್ಟು ಹೇಳಿ ‘ಆಮೇಲೆ ಅದೇ ಬಲೂನನ್ನು ಚಿಕ್ಕದು ಮಾಡಿ ಮಕ್ಕಳಿಗೂ ಬಳಸಿದರು’ ಎಂದು ಮುಗಿಸಿಬಿಡುವವರಿದ್ದಾರೆ. ಕಾಲಗಣನೆ ಅದನ್ನು ಒಪ್ಪುವುದಿಲ್ಲ. ಮೆಕ್ಸಿಕೊದ ರುಬಿಯೊ ಆಲ್ವರೆಜ್ ಮತ್ತು ಸಂಗಡಿಗರು 1953ರಲ್ಲೇ ಕ್ಯಾಥೆಟರಿನಿಂದ ಶ್ವಾಸಧಮನಿಯ ಕವಾಟವನ್ನು ಬಿಡಿಸಿದ್ದರು. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ವಿಲಿಯಂ ರಾಶ್‌ಕಿಂಡ್ 1966ರಲ್ಲಿ, ಎರಡು ಮುಖ್ಯ ಧಮನಿಗಳು ಅದಲುಬದಲಾಗಿ ಹುಟ್ಟಿ ನೀಲಿಗಟ್ಟಿದ ಶಿಶುಗಳ ಹೃದಯದೊಳಗೆ ಬಲೂನ್ ಉಬ್ಬಿಸಿ ಎಳೆದು, ಮೇಲಿನ ಕೋಣೆಗಳ ನಡುವಣ ಪೊರೆಯನ್ನು ಹರಿದು ರಕ್ತ ಬೆರೆಯುವಂತೆ ಮಾಡಿದರು. ಅದು ಗ್ರುನ್ಸಿಗ್‌ಗಿಂತ ಹನ್ನೊಂದು ವರ್ಷ ಮೊದಲು. ಹೃದಯದೊಳಗೆ ಬಲೂನಿಟ್ಟು ಚಿಕಿತ್ಸೆ ಮಾಡಿದ ಪೂರ್ವಿಕರು ಮಕ್ಕಳ ವೈದ್ಯರು. ಅವರು ದೊಡ್ಡವರ ಹಳೆಯ ಅಂಗಿ ತೊಡಲು ಕಾದು ಕುಳಿತವರಲ್ಲ. ಅಂಗಿ ತೊಡಿಸಿದ್ದು ಆಮೇಲೆ, ಬೇರೆ ಕಾರಣಕ್ಕೆ. ಅದಕ್ಕೆ ಮುಂದೆ ಬರುತ್ತೇನೆ.

1980ರ ಸುಮಾರಿಗೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಲಾಕ್ ಮತ್ತು ಸಂಗಡಿಗರು ಕುರಿಮರಿಗಳ ಧಮನಿಗಳನ್ನು ಬೇಕೆಂದೇ ಕಿರಿದು ಮಾಡಿ, ಬಲೂನಿನಿಂದ ಹಿಗ್ಗಿಸಿ, ಆಮೇಲೆ ಸೂಕ್ಷ್ಮದರ್ಶಕದಡಿ ನೋಡಿದರು. ಈ ಇಡೀ ಇತಿಹಾಸದಲ್ಲಿ ನನಗೆ ತೀರ ಮುಖ್ಯವಾಗಿ ಕಾಣುವ ಪ್ರಯೋಗಗಳಿವು. ಕುರಿಮರಿ ತಿಂಗಳುಗಳಲ್ಲೇ ಬೆಳೆಯುವುದರಿಂದ, ಹಿಗ್ಗಿಸಿದ ಧಮನಿ ಮೈಯ ಜೊತೆ ಬೆಳೆಯುತ್ತದೆಯೇ ಎಂಬುದನ್ನು ಅದರಲ್ಲಿ ಕಾಣಬಹುದಿತ್ತು. ದೊಡ್ಡವರಲ್ಲಿ ಬಲೂನ್ ಕೆಲಸ ಮಾಡುವುದು ಒಳಗಟ್ಟಿದ ಕೊಬ್ಬಿನ ಗಡ್ಡೆಯನ್ನು ಸೀಳಿ, ಗೋಡೆಯನ್ನು ಹಿಗ್ಗಿಸಿ. ಮಕ್ಕಳ ಧಮನಿಯಲ್ಲಿ ಕೊಬ್ಬು ಎಲ್ಲಿದೆ? ಕಿರಿದಾಗಿರುವುದು ಗೋಡೆಯೇ. ಬಲೂನ್ ಯಶಸ್ವಿಯಾದಲ್ಲೆಲ್ಲ ಗೋಡೆಯ ಒಳಪದರವೂ ನಡುಪದರವೂ ಹರಿದಿದ್ದವು. ಹರಿಯದಿದ್ದಲ್ಲಿ ಧಮನಿ ಮರಳಿ ಮೊದಲಿನ ಅಳತೆಗೇ ಕುಗ್ಗುತ್ತಿತ್ತು. ಹರಿದ ಗೋಡೆ ವಾರಗಳಲ್ಲಿ ಮಾಯುತ್ತಿತ್ತು. ಅಂದರೆ ಚಿಕಿತ್ಸೆಯೆಂಬುದು ಅಳತೆ ತಪ್ಪದಂತೆ ಮಾಡಿದ ಗಾಯ. ಹೊರಗೆ ಕಾಣುವ ಗಾಯ ಒಂದು ಚುಕ್ಕೆ, ನಿಜವಾದ ಗಾಯ ಮಹಾಧಮನಿಯ ಗೋಡೆಯೊಳಗೆ. ‘ಕನಿಷ್ಠ ಗಾಯದ ಚಿಕಿತ್ಸೆ’ ಎಂಬ ಹೆಸರಿನ ಹಿಂದೆ ಈ ಸಂಗತಿ ಸುಲಭವಾಗಿ ಅಡಗಿಕೊಳ್ಳುತ್ತದೆ. 1982ರಿಂದ ಮಕ್ಕಳ ಕೊಆರ್ಕ್ಟೇಶನ್‌ಗೆ ಬಲೂನ್ ಹಾಕಿದ ವರದಿಗಳು ಒಂದರ ಹಿಂದೆ ಒಂದು ಬಂದವು. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್‌ನ ಜೀನ್ ಕಾನ್ ಶ್ವಾಸಧಮನಿಯ ಕಿರಿದಾದ ಕವಾಟವನ್ನು ಬಲೂನಿನಿಂದ ಬಿಡಿಸಿದರು. ಕವಾಟದ ಚಿಕಿತ್ಸೆಯ ಬಗ್ಗೆ ಜಗಳವೇ ಎದ್ದಂತಿಲ್ಲ, ಕೆಲವೇ ವರ್ಷಗಳಲ್ಲಿ ಅದು ಎಲ್ಲ ಕಡೆಯ ರೂಢಿಯಾಯಿತು. ಕವಾಟದ ಎಸಳುಗಳು ಅಂಟಿಕೊಂಡ ಗೆರೆಯಲ್ಲೇ ಬಿಟ್ಟುಕೊಳ್ಳುತ್ತವೆ, ಆಮೇಲೆ ಕವಾಟ ಮಗುವಿನೊಂದಿಗೆ ಬೆಳೆಯುತ್ತದೆ. ಧಮನಿಯ ಗೋಡೆಗೆ ಅಂಥ ಗೆರೆಯಿಲ್ಲ.

ಜಗಳ ಎದ್ದದ್ದು ಮಹಾಧಮನಿಯ ಬಗ್ಗೆ. ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಕಿರಿದಾದ ಜಾಗಕ್ಕೆ ಬಲೂನ್ ಹಾಕುವುದನ್ನು ಎಲ್ಲರೂ ಬೇಗ ಒಪ್ಪಿದರು. ಸುತ್ತಲಿನ ಗಾಯದ ಅಂಗಾಂಶ ಹೊರಗಿನಿಂದ ಬಿಗಿ ಹಿಡಿದಿರುತ್ತದೆ, ಮರಳಿ ಎದೆ ತೆರೆಯುವುದೂ ಅಪಾಯ. ಯಾರೂ ಮುಟ್ಟದ ಧಮನಿಯ ಮಾತು ಬೇರೆ. ಹರಿದ ಗೋಡೆ ತೆಳುವಾಗಿ, ವರ್ಷಗಳು ಕಳೆದಂತೆ ಉಬ್ಬಿ ಚೀಲದಂತಾದರೆ? ವೈದ್ಯರು ಅನ್ಯೂರಿಸಂ ಎನ್ನುವ ಈ ಉಬ್ಬು ಒಡೆದರೆ ಉಳಿಗಾಲವಿಲ್ಲ. ಯೂಟಾದ ರಾಬರ್ಟ್ ಶಾಡಿ ಮತ್ತು ಸಂಗಡಿಗರು ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿ, 20 ಮಂದಿಗೆ ಬಲೂನ್, 16 ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಒತ್ತಡ ಇಳಿಸುವುದರಲ್ಲಿ ಎರಡೂ ಸಮ. ಆದರೆ ಬಲೂನ್ ಹಾಕಿದ ಐವರಲ್ಲಿ ಒಬ್ಬರಿಗೆ ಅನ್ಯೂರಿಸಂ ಕಂಡಿತು, ಶಸ್ತ್ರಚಿಕಿತ್ಸೆ ಆದವರಲ್ಲಿ ಒಬ್ಬರಿಗೂ ಇಲ್ಲ. ಅದೇ ಮಕ್ಕಳು ಬೆಳೆದ ಮೇಲೆ, 2005ರಲ್ಲಿ ಪ್ರಕಟವಾದ ಮುಂದಿನ ವರದಿಯಲ್ಲಿ ಬಲೂನಿನವರ ಅನ್ಯೂರಿಸಂ ಪ್ರಮಾಣ ಇನ್ನೂ ಏರಿತ್ತು. ಬಲೂನಿನ ಪರ ವಹಿಸಿದವರಿಗೆ ಇದು ನುಂಗಲಾರದ ತುತ್ತು. ಹಾಗೆಂದು ಶಸ್ತ್ರಚಿಕಿತ್ಸೆಯ ಕೈ ಶುದ್ಧವೆಂದಲ್ಲ. ಅರವತ್ತು ಎಪ್ಪತ್ತರ ದಶಕಗಳಲ್ಲಿ ಹಾಕಿದ ಡೆಕ್ರಾನ್ ಎಂಬ ಕೃತಕ ಬಟ್ಟೆಯ ತೇಪೆಗಳ ಎದುರಿನ ಗೋಡೆಯಲ್ಲಿ ಅನ್ಯೂರಿಸಂಗಳು ವರ್ಷಗಳ ಬಳಿಕ ಕಾಣಿಸಿಕೊಂಡು, ಆ ವಿಧಾನವೇ ಹಿಂದೆ ಸರಿಯಿತು. ಗಟ್ಟಿಯಾದ, ಬೆಳೆಯದ ತುಂಡೊಂದನ್ನು ಬಡಿಯುತ್ತಿರುವ, ಬೆಳೆಯುತ್ತಿರುವ ಧಮನಿಗೆ ಸೇರಿಸಿದ್ದರ ಬೆಲೆ ಅದು. ಎರಡು ಪಂಥಗಳೂ ಬೇರೆ ಬೇರೆ ಬಾಗಿಲಿನಿಂದ ಒಳಬಂದು ಒಂದೇ ಗೋಡೆಗೆ ಹಣೆ ಬಡಿದುಕೊಂಡವು.

ಶ್ವಾಸಧಮನಿಗಳ ವಿಷಯದಲ್ಲಿ ಇಂಥ ಪೈಪೋಟಿ ಇರಲಿಲ್ಲ, ಏಕೆಂದರೆ ಶಸ್ತ್ರವೈದ್ಯರ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ಶ್ವಾಸಕೋಶದ ಒಳಗೆ ಕವಲೊಡೆದ ಮೇಲೆ ಕಿರಿದಾದ ಧಮನಿಯನ್ನು ಕತ್ತರಿಯಿಂದ ಮುಟ್ಟುವುದು ಹೇಗೆ? ಅಲ್ಲಿ ಬಲೂನೇ ಗತಿ. ಆದರೆ ಮೊದಲ ಬಲೂನುಗಳಿಗೆ ಅನೇಕ ಕಡೆ ಧಮನಿ ಜಗ್ಗಲಿಲ್ಲ, ಇಲ್ಲವೇ ಜಗ್ಗಿದ್ದು ರಬ್ಬರಿನಂತೆ ಮತ್ತೆ ಕುಗ್ಗಿತು. ಹೆಚ್ಚು ಒತ್ತಡ ತಾಳುವ ಬಲೂನುಗಳು, ಮೈಮೇಲೆ ಸೂಕ್ಷ್ಮ ಅಲಗುಗಳಿರುವ ಬಲೂನುಗಳು ಬಂದವು. ನಿಜವಾದ ತಿರುವು ಹೂಸ್ಟನ್ನಿನ ಚಾರ್ಲ್ಸ್ ಮಲಿನ್ಸ್ ಅವರದು. ಹೂಲಿಯೊ ಪಾಲ್ಮಾಜ್ ದೊಡ್ಡವರಿಗೆಂದು ರೂಪಿಸಿದ ಉಕ್ಕಿನ ಬಲೆಯ ಸ್ಟೆಂಟನ್ನು ಅವರು 1980ರ ದಶಕದ ಕೊನೆಯಲ್ಲಿ ಪ್ರಾಣಿಗಳಲ್ಲಿ ಪರೀಕ್ಷಿಸಿ, ಆಮೇಲೆ ಜನ್ಮಜಾತ ಹೃದ್ರೋಗದ ಮಕ್ಕಳಿಗೆ ಬಳಸಿದರು. ಮಾರ್ಟಿನ್ ಒಲಾಫ್ಲಿನ್ ಅವರೊಂದಿಗೆ 1991ರಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿದ್ದವರು 30 ಮಂದಿ. ಸ್ಟೆಂಟ್ ಒಳಗಿನಿಂದ ಆನಿಕೆ ಕೊಡುವುದರಿಂದ ಧಮನಿ ಕುಗ್ಗಲಾರದು. ಗೋಡೆಯನ್ನು ಅಗತ್ಯಕ್ಕಿಂತ ಹೆಚ್ಚು ಹರಿಯುವ ಪ್ರಮೇಯವೂ ಕಡಿಮೆ. ಬೆಳೆಯುವ ಹುಡುಗಿಗೆ ಲಂಗ ಹೊಲಿಸುವಾಗ ಅಂಚಿನಲ್ಲಿ ಬಟ್ಟೆ ಮಡಿಸಿಟ್ಟು, ವರ್ಷಕ್ಕೊಮ್ಮೆ ಮಡಿಕೆ ಬಿಚ್ಚುವ ಜಾಣತನ ಇಲ್ಲಿತ್ತು: ಇಂದು 8 ಮಿಲಿಮೀಟರಿಗೆ ಹಿಗ್ಗಿಸಿದ ಪಾಲ್ಮಾಜ್ ಸ್ಟೆಂಟನ್ನು ಮುಂದೊಂದು ದಿನ ಮತ್ತೊಂದು ಬಲೂನಿನಿಂದ ದೊಡ್ಡವರ ಅಳತೆಗೆ ತರಬಹುದು. ಆದರೆ ಆ ಸ್ಟೆಂಟು ಸಾಗಲು ಸುಮಾರು ಮೂರೂವರೆ ಮಿಲಿಮೀಟರಿಗಿಂತ ಅಗಲದ ಕೊಳವೆ ಬೇಕು. ಅಷ್ಟು ದಪ್ಪದ್ದು ಹಸುಗೂಸಿನ ತೊಡೆಯ ರಕ್ತನಾಳಕ್ಕೆ ಹಿಡಿಸದು. ದೊಡ್ಡವರ ಹೃದಯಕ್ಕೆ ಹಾಕುವ ಸಪೂರ ಸ್ಟೆಂಟ್ ಹಸುಗೂಸಿನೊಳಗೆ ಸಲೀಸಾಗಿ ಸಾಗುತ್ತದೆ, ಆದರೆ ಐದಾರು ಮಿಲಿಮೀಟರಿನಾಚೆ ಅಗಲವಾಗುವುದಿಲ್ಲ. ಮಗು ಬೆಳೆದಂತೆ ಆ ಲೋಹದ ಉಂಗುರವೇ ಹೊಸ ಕೊಆರ್ಕ್ಟೇಶನ್ ಆಗುತ್ತದೆ. ಪ್ರಾಣ ಹೋಗುವ ಸಂದರ್ಭದಲ್ಲಿ ವೈದ್ಯರು ಗೊತ್ತಿದ್ದೂ ಅದನ್ನು ಹಾಕಿದರು, ಮುಂದೆ ಶಸ್ತ್ರವೈದ್ಯರು ಕತ್ತರಿಸಿಯಾರು ಅಥವಾ ಹೆಚ್ಚು ಒತ್ತಡದ ಬಲೂನಿನಿಂದ ಒಡೆದೇವು ಎಂಬ ಭರವಸೆಯಲ್ಲಿ.

ಹಾಗಾದರೆ ಎರಡೂ ಗುಣವಿರುವ ಸ್ಟೆಂಟನ್ನು ಯಾಕೆ ಮಾಡಲಿಲ್ಲ? ಇಲ್ಲಿ ಬರುತ್ತದೆ ನಾನು ಹಿಂದೆ ಹೇಳಿದ ಬೇರೆ ಕಾರಣ. ಜನ್ಮಜಾತ ಹೃದ್ರೋಗದಲ್ಲಿ ಕೊಆರ್ಕ್ಟೇಶನ್ ಪಾಲು ನೂರಕ್ಕೆ ಐದರಿಂದ ಎಂಟು. ಅದರಲ್ಲಿ ಸ್ಟೆಂಟ್ ಬೇಕಾಗುವ ಹಸುಗೂಸುಗಳು ಬೆರಳೆಣಿಕೆಯಷ್ಟು. ಕೋಟ್ಯಂತರ ದೊಡ್ಡವರ ಮಾರುಕಟ್ಟೆ ಎದುರಿಗಿರುವಾಗ ಯಾವ ಕಂಪನಿ ಈ ಬೆರಳೆಣಿಕೆಗೆ ಹಣ ಹೂಡೀತು? ಹೀಗಾಗಿ ಅಮೆರಿಕದ ಮಕ್ಕಳ ಹೃದ್ರೋಗ ತಜ್ಞರು ದಶಕಗಳ ಕಾಲ ದೊಡ್ಡವರ ಪಿತ್ತನಾಳಕ್ಕೆಂದು ಒಪ್ಪಿಗೆ ಪಡೆದ ಸ್ಟೆಂಟುಗಳನ್ನು ಮಕ್ಕಳ ಧಮನಿಗಳಿಗೆ ಹಾಕುತ್ತ ಬಂದರು. ಅದು ಕಾನೂನಿನ ಕಣ್ಣಿಗೆ ತಪ್ಪಲ್ಲ, ವೈದ್ಯರ ವಿವೇಚನೆಗೆ ಬಿಟ್ಟದ್ದು. ಆದರೆ ಮಕ್ಕಳ ಮೈಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆಂದು ಪರೀಕ್ಷಿಸುವ ಹೊಣೆ ಯಾರ ಮೇಲೂ ಇರಲಿಲ್ಲ. ಮಕ್ಕಳ ಉಪಕರಣಗಳನ್ನು ಉತ್ತೇಜಿಸುವ ಕಾನೂನು ಅಮೆರಿಕದಲ್ಲಿ ಬಂದದ್ದು 2007ರಲ್ಲಿ. ಜಾನ್ ಚೀಟಂ ರೂಪಿಸಿದ ಪ್ಲಾಟಿನಂ ತಂತಿಯ ಸಿಪಿ ಸ್ಟೆಂಟ್, ಬೇರೆ ದೇಶಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದರೂ, 105 ಮಂದಿಯ ಮೇಲೆ ನಡೆದ ಅಧ್ಯಯನದ ಬಳಿಕ 2016ರಲ್ಲಷ್ಟೇ ಅಲ್ಲಿ ಕೊಆರ್ಕ್ಟೇಶನ್‌ಗೆಂದು ಅನುಮತಿ ಪಡೆಯಿತು. ಅದೂ ಹಸುಗೂಸುಗಳಿಗಲ್ಲ, ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ ಹೊಂದುವಂಥದು. ಈ ನಡುವೆ ಜರ್ಮನಿಯಲ್ಲಿ ಬೇರೆ ದಾರಿಗಳ ಹುಡುಕಾಟ ನಡೆದಿತ್ತು. ಎರ್ಲಾಂಗೆನ್‌ನ ವೈದ್ಯರು 2005ರಲ್ಲಿ ದಿನ ತುಂಬದೆ ಹುಟ್ಟಿದ ಶಿಶುವೊಂದರ ಎಡ ಶ್ವಾಸಧಮನಿಗೆ ಮೆಗ್ನೀಷಿಯಂ ಸ್ಟೆಂಟ್ ಹಾಕಿದ್ದನ್ನು ವರದಿ ಮಾಡಿದರು. ತಿಂಗಳುಗಳಲ್ಲಿ ಕರಗಿಹೋಗುವ ಲೋಹ ಅದು. ಬರ್ಲಿನ್ನಿನ ಪೀಟರ್ ಎವರ್ಟ್, ಉದ್ದಕ್ಕೆ ಎರಡು ಹೋಳಾಗಿರುವ ಸ್ಟೆಂಟನ್ನು ಕರಗುವ ದಾರದಿಂದ ಹೊಲಿದು, ಮಗು ಬೆಳೆದಂತೆ ಹೋಳುಗಳು ಸರಿದುಕೊಳ್ಳುವ ಉಪಾಯ ಮಾಡಿದರು. ಎರಡೂ ಬುದ್ಧಿವಂತಿಕೆಯ ಕೆಲಸ, ಎರಡೂ ದೊಡ್ಡ ಪ್ರಮಾಣದ ಬಳಕೆಗೆ ಬರಲಿಲ್ಲ. ಮಿನಿಮಾ ಯಶಸ್ವಿಯಾದದ್ದು ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸಿದ್ದರಿಂದ: ಹಸುಗೂಸಿನ ನಾಳದಲ್ಲಿ ತೂರುವಷ್ಟು ಸಪೂರ ಕೊಳವೆ, ಮುಂದೆ ದೊಡ್ಡವರ ಮಹಾಧಮನಿಯ ಅಳತೆಯವರೆಗೆ ಹಂತಹಂತವಾಗಿ ಹಿಗ್ಗಿಸಬಹುದಾದ ಬಲೆ. ಅದರ ಮುಖ್ಯ ಅಧ್ಯಯನದಲ್ಲಿದ್ದವರು 42 ಮಕ್ಕಳು.

42! ಇಷ್ಟು ಕಡಿಮೆ ಸಂಖ್ಯೆಯ ಆಧಾರದ ಮೇಲೆ ಒಂದು ಉಪಕರಣವನ್ನು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ದೊಡ್ಡವರ ಸ್ಟೆಂಟುಗಳನ್ನು ಸಾವಿರಾರು ಜನರ ಮೇಲೆ ಚೀಟಿ ಎತ್ತಿ ಪರೀಕ್ಷಿಸುತ್ತಾರೆ. ಮಕ್ಕಳಲ್ಲಿ ಹಾಗೆ ಮಾಡಲು ಹೊರಟರೆ ಒಂದು ಅಧ್ಯಯನ ತುಂಬಲು ಒಂದು ತಲೆಮಾರು ಬೇಕು. ಅದಕ್ಕೆ ಬದಲಾಗಿ ಬಂದದ್ದು ಹಲವು ಆಸ್ಪತ್ರೆಗಳು ಸೇರಿ ನಡೆಸುವ ದಾಖಲಾತಿ. ಅಂಥ ಒಂದು ಒಕ್ಕೂಟದ ಪರವಾಗಿ ಥಾಮಸ್ ಫೋರ್ಬ್ಸ್ ಮತ್ತಿತರರು 2011ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ 350 ಮಂದಿಯಿದ್ದರು: 217 ಮಂದಿಗೆ ಸ್ಟೆಂಟ್, 61 ಮಂದಿಗೆ ಬರೀ ಬಲೂನ್, 72 ಮಂದಿಗೆ ಶಸ್ತ್ರಚಿಕಿತ್ಸೆ. ತಕ್ಷಣದ ತೊಂದರೆಗಳು ಸ್ಟೆಂಟಿನವರಲ್ಲೇ ಕಡಿಮೆ, ಆದರೆ ಮುಂದೆ ಯೋಜಿಸಿ ಮತ್ತೆ ಹಿಗ್ಗಿಸಬೇಕಾದವರೂ ಅವರಲ್ಲೇ ಹೆಚ್ಚು. ಇಲ್ಲಿ ಚೀಟಿ ಎತ್ತಿ ಹಂಚಿಲ್ಲ, ಯಾರಿಗೆ ಯಾವುದೆಂದು ವೈದ್ಯರೇ ಆರಿಸಿದ್ದಾರೆ; ಆದ್ದರಿಂದ ಇದನ್ನು ಸ್ಟೆಂಟಿನ ಗೆಲುವೆಂದು ಓದಲಾಗದು. ನನಗೆ ಇದರಲ್ಲಿ ಮುಖ್ಯವೆನಿಸುವುದು ಎರಡನೆಯ ಅಂಶ. ‘ಮತ್ತೆ ಹಿಗ್ಗಿಸಬೇಕಾಯಿತು’ ಎಂಬುದನ್ನು ಈ ಅಧ್ಯಯನ ಸೋಲಿನ ಖಾತೆಗೆ ಬರೆಯದೆ ಯೋಜನೆಯ ಖಾತೆಗೆ ಬರೆಯಿತು. ಬೆಳವಣಿಗೆಯನ್ನು ಚಿಕಿತ್ಸೆಯ ಒಳಗೇ ಸೇರಿಸಿಕೊಂಡ ಲೆಕ್ಕ ಅದು. ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಗೆಯಿದೆ: ನವಜಾತ ಶಿಶುವಿನ ಕೊಆರ್ಕ್ಟೇಶನ್‌ಗೆ ಇಂದಿಗೂ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆ. ಎಪ್ಪತ್ತರ ದಶಕದ ನಡುವಿನಲ್ಲಿ ಬಂದ ಪ್ರೋಸ್ಟಗ್ಲಾಂಡಿನ್ ಔಷಧ, ಹುಟ್ಟಿದ ಬಳಿಕ ಮುಚ್ಚಿಕೊಳ್ಳುವ ನಾಳವೊಂದನ್ನು ತೆರೆದಿಟ್ಟು ಅಂಥ ಶಿಶುಗಳನ್ನು ಆಪರೇಷನ್ ಥಿಯೇಟರಿನವರೆಗೆ ಜೀವಂತ ತಲುಪಿಸುತ್ತದೆ. ಕಮಾನಿನ ಅಡಿಯವರೆಗೆ ಕತ್ತರಿಸಿ ಓರೆಯಾಗಿ ಜೋಡಿಸುವ ಈಗಿನ ಹೊಲಿಗೆ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತದೆ. ನನ್ನ ಅಳತೆಗೋಲು ಗಾಯದ ಗಾತ್ರವಲ್ಲ, ಬೆಳವಣಿಗೆ ಎಂದ ಮೇಲೆ, ಆ ಗೋಲಿನಲ್ಲಿ ಕತ್ತರಿ ಗೆದ್ದಲ್ಲಿ ಕತ್ತರಿಯೇ ಗೆದ್ದಿತು ಎನ್ನಬೇಕು.

ಭಾರತದ ಮಟ್ಟಿಗೆ ಕಥೆ ಸ್ವಲ್ಪ ಬೇರೆ. ಇಲ್ಲಿ ಮಕ್ಕಳ ಧಮನಿ ಕಿರಿದಾಗುವುದಕ್ಕೆ ಹುಟ್ಟಿನ ದೋಷವೊಂದೇ ಕಾರಣವಲ್ಲ. ಜಪಾನಿನ ನೇತ್ರವೈದ್ಯ ಮಿಕಿಟೊ ತಕಾಯಾಸು 1908ರಲ್ಲಿ ವರದಿ ಮಾಡಿದ ರೋಗ, ಅಂದರೆ ಮಹಾಧಮನಿಗೂ ಅದರ ಕವಲುಗಳಿಗೂ ಉರಿಯೂತ ತಗಲಿ ಗೋಡೆ ದಪ್ಪವಾಗುವ ತಕಾಯಾಸು ಆರ್ಟರೈಟಿಸ್, ಏಷ್ಯಾದಲ್ಲಿ ಹೆಚ್ಚು. ಭಾರತದ ಮಕ್ಕಳಲ್ಲಿ ಮೂತ್ರಪಿಂಡದ ಧಮನಿ ಕಿರಿದಾಗಿ ಬಿಪಿ ಏರುವುದಕ್ಕೆ ಅದೇ ಮುಖ್ಯ ಕಾರಣ. ದೆಹಲಿಯ ಜಿ. ಬಿ. ಪಂತ್ ಆಸ್ಪತ್ರೆಯಲ್ಲಿ ಸಂಜಯ್ ತ್ಯಾಗಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇಂಥ ಮಹಾಧಮನಿಗೂ ಮಕ್ಕಳ ಮೂತ್ರಪಿಂಡದ ಧಮನಿಗಳಿಗೂ ಬಲೂನ್ ಚಿಕಿತ್ಸೆ ಮಾಡಿ, ದೀರ್ಘಕಾಲದ ಫಲಿತಾಂಶಗಳನ್ನು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಪಶ್ಚಿಮದ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಷ್ಟಿದ್ದ ರೋಗಕ್ಕೆ ಇಲ್ಲಿಯ ಅನುಭವವೇ ಆಧಾರವಾಯಿತು. ಬೆಂಗಳೂರಿನಲ್ಲಿ 2001ರಲ್ಲಿ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಉಚಿತ ಹೃದಯ ಚಿಕಿತ್ಸೆ ಆರಂಭಿಸಿತು. ಅದೇ ಹೊತ್ತಿಗೆ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಬಂತು. ಕ್ಯಾಥೆಟರ್ ಕೋಣೆ, ನುರಿತ ಕೈ ಎರಡೂ ಈಗ ಕರ್ನಾಟಕದಲ್ಲೇ ಇವೆ.

ಆದರೆ ಹಂತಹಂತವಾಗಿ ಹಿಗ್ಗಿಸುವ ಚಿಕಿತ್ಸೆಗೆ ಮಗು ಹಂತಹಂತವಾಗಿ ಮರಳಿ ಬರಬೇಕು. ಕೂಲಿ ಬಿಟ್ಟು, ರಾತ್ರಿ ಬಸ್ಸು ಹಿಡಿದು ಬೀದರಿನಿಂದಲೋ ಯಾದಗಿರಿಯಿಂದಲೋ ಒಮ್ಮೆ ಬಂದ ಕುಟುಂಬ, ಮಗು ಆಡಿಕೊಂಡಿರುವಾಗ ನಾಲ್ಕು ವರ್ಷದ ನಂತರ ಮತ್ತೆ ಬಂದೀತೆಂದು ನಂಬಿ ಸ್ಟೆಂಟ್ ಹಾಕುವುದು ಧೈರ್ಯದ ಮಾತು. ಮರಳಿ ಬರುವ ಖಾತರಿ ಇಲ್ಲದಲ್ಲಿ, ಒಮ್ಮೆಗೇ ಮುಗಿಯುವ ಸಾಧ್ಯತೆ ಹೆಚ್ಚಿರುವ ಶಸ್ತ್ರಚಿಕಿತ್ಸೆಯೇ ಚಿಕ್ಕ ಮಗುವಿಗೆ ಮೇಲೆಂದು ವೈದ್ಯರು ನಿರ್ಧರಿಸಿದರೆ ಅದನ್ನು ಹಿಂದುಳಿದ ಆಯ್ಕೆ ಎನ್ನಲಾಗದು. ಇದರಲ್ಲಿ ಒಂದು ಕಹಿ ವಿಪರ್ಯಾಸವೂ ಇದೆ. ನಮ್ಮಲ್ಲಿ ಕೊಆರ್ಕ್ಟೇಶನ್ ಅನೇಕರಲ್ಲಿ ಪತ್ತೆಯಾಗುವುದೇ ಹದಿಹರೆಯದಲ್ಲಿ ಅಥವಾ ಅದರಾಚೆ, ಯಾವುದೋ ಕಾರಣಕ್ಕೆ ಬಿಪಿ ನೋಡಿದಾಗ. ಆ ಹೊತ್ತಿಗೆ ಮೈ ಬೆಳೆದಿರುತ್ತದೆ, ದೊಡ್ಡ ಸ್ಟೆಂಟ್ ಒಂದೇ ಸಲಕ್ಕೆ ಸರಿಹೊಂದುತ್ತದೆ. ಬೆಳವಣಿಗೆಯ ತೊಡಕು ತಡವಾದ ಪತ್ತೆಯಿಂದಲೇ ಬಗೆಹರಿದಂತೆ ಕಾಣುತ್ತದೆ. ಆದರೆ ತಡವಾಗಿ ಬಿಡಿಸಿದ ಧಮನಿಯವರಲ್ಲಿ ಬಿಪಿ ಅನೇಕರಿಗೆ ಜೀವನಪೂರ್ತಿ ಏರಿಯೇ ಉಳಿಯುತ್ತದೆ. ಅಷ್ಟು ವರ್ಷ ಹೆಚ್ಚಿನ ಒತ್ತಡ ತಾಳಿದ ಮೇಲಿನ ರಕ್ತನಾಳಗಳನ್ನು ಸ್ಟೆಂಟು ಎಳೆಯದಾಗಿಸಲಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಜನ್ಮಜಾತ ಹೃದ್ರೋಗ ಇದೆ. ಅದರ ತಂಡಗಳು ಅಂಗನವಾಡಿಗೂ ಶಾಲೆಗೂ ಹೋಗುತ್ತವೆ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಉಪಕರಣ ಕೊಆರ್ಕ್ಟೇಶನ್ ಇರುವ ಎಷ್ಟೋ ಮಕ್ಕಳನ್ನು ಗುರುತಿಸದೆ ಬಿಡುತ್ತದೆ. ಗುರುತಿಸುವುದು ತೊಡೆಸಂದಿನ ನಾಡಿಯ ಮೇಲಿಟ್ಟ ಎರಡು ಬೆರಳು, ಕೈಗೊಮ್ಮೆ ಕಾಲಿಗೊಮ್ಮೆ ಕಟ್ಟಿದ ಮಕ್ಕಳ ಅಳತೆಯ ಬಿಪಿ ಪಟ್ಟಿ. ಆ ಪಟ್ಟಿ ಎಷ್ಟು ತಂಡಗಳ ಚೀಲದಲ್ಲಿರುತ್ತದೆ, ಇದ್ದರೂ ಎಷ್ಟು ಮಕ್ಕಳ ಕಾಲಿಗೆ ಕಟ್ಟುತ್ತಾರೆ ಎಂಬುದರ ಮೇಲೆ, ಕ್ಯಾಥೆಟರ್ ಕೋಣೆಯಲ್ಲಿ ಏನು ಸಾಧ್ಯ ಎಂಬುದು ನಿಂತಿದೆ.